ಗಾಜು ಬದಲಿಸಲು

ಜೆಪ್ಪಿನ ನನ್ನ ಫ್ರೇಮಿನಂಗಡಿಗೆ
ಲಿಗೋರ್ ಪೊರ್ಬುಗಳು ಚೀಲದಲ್ಲಿ ತಂದದ್ದು ಕೆನಡಿಯನ್ನು.
ಪವಿತ್ರ ಹೃದಯದ ಪಕ್ಕ ಅಷ್ಟು ವರ್ಷ ನೇತಿದ್ದು
ಮೊನ್ನೆ ಸುಣ್ಣ ಹೊಡೆಯುವಾಗ ಗಾಜು ಬಿರುಕು,
ಸರಿಯಾಗಿ ಹಣೆಯ ಮೇಲೆ.

ಬೆಂಚಿನಲ್ಲಿ ದೂಮಣ್ಣ, ಹಂಚಿನ ಕಾರ್ಖಾನೆಯ ಹಳೆ ಯೂನಿಯನ್:
"ವಿಯೆಟ್ನಾಮಿಗೆ ಸೈನಿಕರನ್ನು ಕಳಿಸಿದವ ಇವನೇ ಅಲ್ವೋ?"
"ಚೀನಾ ಬಂದಾಗ ನಮಗೆ ಬಂದೂಕು ಕಳಿಸಿದವನೂ ಇವನೇ."
"ಕ್ಯೂಬಾ?"
"ಯುದ್ಧ ತಪ್ಪಿಸಿದ, ಮಾರಾಯ!"
"ಅದರ ಹಿಂದಿನ ವರ್ಷ?"

ಪೊರ್ಬುಗಳು ಹಾಲಿನ ಪುಡಿಗೆ ಇಳಿದರು:
ಇಗರ್ಜಿ ಶಾಲೆ, ತಗಡಿನ ಲೋಟ,
ಅಂಗಳಕ್ಕೆ ಅಂಟಿಕೊಳ್ಳುವ ಅಮೇರಿಕ.
"ಅದು ಅವನಿಗಿಂತ ಮುಂಚೆಯೂ ಬರುತ್ತಿತ್ತು.
ನಾನೂ ಕುಡಿದಿದ್ದೇನೆ. ಹೊಟ್ಟೆ ಕೆಟ್ಟಿತ್ತು."

ನಾನು ಅಳತೆ ತೆಗೆಯುತ್ತಿದ್ದೆ. ಹದಿನಾಲ್ಕು, ಹತ್ತೂವರೆ.

"ಅವನು ಸತ್ತ ಸುದ್ದಿ ಬಂದ ಶನಿವಾರ ಅಕ್ಕನ ರೋಸು.
ತೆಂಗಿನ ಹಾಲು ಹಿಂಡಿ ಇಟ್ಟಾಗಿತ್ತು.
ಅಮ್ಮ ಬ್ಯಾಂಡು ನಿಲ್ಲಿಸಿದರು, ಗೊತ್ತುಂಟಾ?
ಯಾರೋ, ಎಲ್ಲಿಯವನೋ ಅಂತ ಅನ್ನಿಸಲೇ ಇಲ್ಲ."

ದೂಮಣ್ಣ ಬೀಡಿಯನ್ನು ಚಪ್ಪಲಿಗೆ ಒರಸಿದರು.
"ಅದೇ ಮಂಗಳವಾರ, ನಿಮ್ಮಪ್ಪ ರೈಟರಾಗಿದ್ದ ಕಾರ್ಖಾನೆಯ
ಮಣ್ಣುಗುಂಡಿ ಕುಸಿದು ತನಿಯ ಸತ್ತ.
ಬ್ಯಾಂಡಿನವರು ಅಭ್ಯಾಸ ಮಾಡ್ತಿದ್ದರು,
ಗುಂಡಿಗೆ ಕೇಳುತ್ತಿತ್ತು."

ಪೊರ್ಬುಗಳು ಗಾಜಿನ ದಪ್ಪ ಕೇಳಿದರು.
ಎರಡೂವರೆ ಎಂಎಂ ಅಂದೆ. ಸಾಕು ಅಂದರು.
ಎತ್ತಿಕೊಂಡು ಹೋಗುವಾಗ ಪಟದ ಮುಖ
ತಮ್ಮ ಎದೆಯ ಕಡೆಗೆ.

ಹಳೆ ಗಾಜಿನ ಒಂದು ಮೂಲೆ ಒಡೆದಿರಲಿಲ್ಲ.
"ಪಾಸ್‌ಪೋರ್ಟ್ ಸೈಜಿನದ್ದೊಂದು ಕೂರುತ್ತದೆ.
ತನಿಯನದ್ದು ಉಂಟಾ?"

"ಫೋಟೋವಾ?"
ದೂಮಣ್ಣ ಹೊರಗಿನ ಬಿಸಿಲು ನೋಡಿದರು.
"ಹೆಬ್ಬೆಟ್ಟು ಉಂಟು, ಮಸ್ಟರಿನಲ್ಲಿ.
ಅದೂ ಆ ಪೊರ್ಬುಗಳ ಅಪ್ಪ ಒತ್ತಿಸಿದ್ದು."