ಖಾಲಿ ನೀರು

ಹಿಂದಿನ ರಾತ್ರಿಯೇ ಕಳಚಿಟ್ಟಿದ್ದೆ
ಬಳೆ, ಓಲೆ, ಕಾಲುಂಗುರ.
ಬೆಳಿಗ್ಗೆ ಪೌಡರಿಲ್ಲ, ಕುಂಕುಮವಿಲ್ಲ,
ಹಿಮ್ಮಡಿಯ ಬಿರುಕಿಗೆ ಮುಲಾಮೂ ಇಲ್ಲ.
ಎದುರುಮನೆಯ ಪುಟ್ಟತಾಯಮ್ಮ ಕಿಟಕಿಯಿಂದ ಕಂಡು
ಬಾಯಿಗೆ ಸೆರಗು ತಂದುಕೊಂಡರು.
ಏನಿಲ್ಲಮ್ಮ, ಕೆರೆ ನೀರು ತರೋಕೆ, ಎಂದೆ.

ಮೈಸೂರು ಬಿಟ್ಟಾಗ ಐದೂವರೆ.
ವ್ಯಾನಿನ ಹಿಂದೆ ಐಸಿನ ಪೆಟ್ಟಿಗೆ,
ವಾರವಿಡೀ ನೈಟ್ರಿಕ್ ಆಮ್ಲದಲ್ಲಿ ಮುಳುಗಿ
ತಮ್ಮ ಹುಟ್ಟನ್ನೇ ಮರೆತ ಬಾಟಲಿಗಳು,
ಒಂದೊಂದಕ್ಕೂ ಎರಡೆರಡು ಚೀಲದ ಹೊದಿಕೆ.
ಮಂಡ್ಯ ದಾಟಿ ಹುಣಸೇಗಾಲದ ಏರಿ ಹತ್ತುವಷ್ಟರಲ್ಲಿ
ಆಲೆಮನೆಯ ಹೊಗೆ ಎದ್ದಿತ್ತು.

ಹುಡುಕುತ್ತಿದ್ದದ್ದು ಸೀಸ, ಸತು, ತಾಮ್ರ, ಕ್ಯಾಡ್ಮಿಯಂ;
ನೂರು ಕೋಟಿಯಲ್ಲಿ ಒಂದು ಪಾಲು.
ಅಂದರೆ ಎರಡು ಲಾರಿ ಭತ್ತದಲ್ಲಿ
ಒಂದೇ ಒಂದು ಕಾಳು.
ಹುಡುಕುವವರ ಮಡಿಲಲ್ಲಿ ಭತ್ತ ಇರಬಾರದು, ಅಷ್ಟೆ.

ಅದಕ್ಕೇ ಇಬ್ಬರು ಬೇಕು. ನಿಯಮವಿದೆ:
ಒಬ್ಬರು ಬಾಟಲಿಯನ್ನಷ್ಟೇ ಮುಟ್ಟುವವರು,
ಇನ್ನೊಬ್ಬರು ಉಳಿದೆಲ್ಲವನ್ನೂ:
ಪೆಟ್ಟಿಗೆ, ಹೊರಚೀಲ, ಪೆನ್ನು, ಹಗ್ಗ, ಹಣೆಯ ಬೆವರು.
ಮೇಷ್ಟ್ರು ಇದನ್ನು ಕನ್ನಡದಲ್ಲಿ ಹೇಳುವಾಗ ನಗುತ್ತ
ಮಡಿ ಕೈ, ಮೈಲಿಗೆ ಕೈ ಎಂದಿದ್ದರು.
ಲ್ಯಾಬಿನಲ್ಲಿ ಆ ಹೆಸರೇ ನಿಂತುಬಿಟ್ಟಿತು.
ಇವತ್ತು ಮಡಿ ಕೈ ನನ್ನದು.
ಮೈಲಿಗೆ ಕೈ, ಮೇಲುಕೋಟೆಯ ಅಳಸಿಂಗನದು.

ಹರಿಗೋಲಿನ ದ್ಯಾವಣ್ಣ ಬೀಡಿ ಹಚ್ಚಹೋದ. ಬೇಡವೆಂದೆವು.
ನೀರ್ಗೂ ಮಡಿ ಮಾಡೋರ್ನ ನಾ ಕಂಡಿರ್ನಿಲ್ಲ ಕಣವ್ವ, ಅಂದ.
ಕೈಗವುಸು. ಮೊಣಕೈವರೆಗೆ ನೀರು.
ಬಾಯಿ ಕೆಳಗಾಗಿ ಮುಳುಗಿಸಿ, ತಿರುಗಿಸಿ,
ಮೂರು ಸಲ ಅದೇ ನೀರಲ್ಲಿ ಗಲಬರಿಸಿ
ನಾಲ್ಕನೆಯದನ್ನು ನೀರೊಳಗೇ ಮುಚ್ಚಿದೆ.
ಅಳಸಿಂಗ ಚೀಲದ ಬಾಯಿ ಅಗಲಿಸಿ ಹಿಡಿದ.
ನಾನು ಅವನಿಗೆ ಸೋಕದ ಹಾಗೆ
ಎತ್ತರದಿಂದ ಬಿಟ್ಟೆ.

ಇದೇ ಏರಿಯ ಕೆಳಗೆ ನಮ್ಮಜ್ಜಿ ಕೆಂಪಮಾದಿ
ಮಡಕೆ ಮುಂದಿಟ್ಟು ಕೂರುತ್ತಿದ್ದಳಂತೆ,
ಮೇಲಿನವರು ಯಾರಾದರೂ ಬಂದು ಹೊಯ್ಯುವ ತನಕ.
ಯಾರೂ ಬಾರದ ದಿನ
ಕೆರೆ ನೋಡಿ, ಗಾಳಿ ಕುಡಿದು, ಬಿಸಿಲಿಗೆ ಕಾದ ಮಡಕೆ
ಹಾಗೇ ತಲೆಯೇರಿ ಮನೆಗೆ.

ಇನ್ನೊಂದು ಬಾಟಲಿ ಉಳಿದಿತ್ತು.
ಅದರಲ್ಲಿ ಮೊದಲೇ ನೀರಿದೆ, ಲ್ಯಾಬಿನದು, ಏನೂ ಇಲ್ಲದ್ದು.
ಅದನ್ನೂ ಕೆರೆಗೆ ಕರೆತರಬೇಕು,
ಮುಚ್ಚಳ ತೆಗೆದು ಗಾಳಿಗೆ ತೋರಿಸಿ ಮುಚ್ಚಬೇಕು,
ಕೆರೆಯ ಒಂದು ಹನಿಯೂ ಸೋಕಿಸದೆ
ವಾಪಸು ಒಯ್ಯಬೇಕು.
ಪಟ್ಟಿಯಲ್ಲಿ ಅದರ ಹೆಸರು: ಖಾಲಿ.
ದಾರಿಯುದ್ದಕ್ಕೂ ಅದು ನನ್ನ ತೊಡೆಯ ಮೇಲಿತ್ತು, ಚೀಲದ ಸಮೇತ.

ಗುರುವಾರ ಯಂತ್ರದ ಸರದಿ ಸಿಕ್ಕಿತು.
ಸೂರ್ಯನ ಮೈಗಿಂತ ಬಿಸಿಯ ಆರ್ಗಾನ್ ಉರಿಯಲ್ಲಿ
ಹುಣಸೇಗಾಲದ ಕೆರೆ ಮಂಜಾಗಿ ಸಿಡಿದು
ಒಂದೊಂದೇ ಲೋಹ ತನ್ನ ತೂಕ ಒಪ್ಪಿಸಿತು.
ತಾಮ್ರ ಇಷ್ಟು. ಸತು ಇಷ್ಟು.
ಖಾಲಿಯಲ್ಲಿ ಸತು, ಕೆರೆಗಿಂತ ಹೆಚ್ಚು!
ವ್ಯಾನಿನ ತಗಡೋ, ಆಲೆಮನೆಯ ಹೊಗೆಯೋ,
ಅಳಸಿಂಗನ ಕತ್ತಿನ ಪೌಡರೋ, ನನ್ನ ಉಸಿರೋ.
ನಾವೇ ಹೊತ್ತು ತಂದದ್ದನ್ನು ಲೆಕ್ಕದಿಂದ ಕಳೆಯಬೇಕು,
ಕಳೆದರೆ ಕೆರೆ ಸೊನ್ನೆಯ ತಳಕ್ಕೂ ಕೆಳಗಿಳಿಯುತ್ತದೆ.
ಆ ಸಾಲು ಹೊಡೆದುಹಾಕಿ
ಮತ್ತೊಮ್ಮೆ ಹೋಗಬೇಕು ಎಂದು ಬರೆದೆವು.

ಸೀಸ ಕಾಣಲಿಲ್ಲ.
ಆದರೂ ಸೊನ್ನೆ ಎಂದು ಬರೆಯುವ ಹಾಗಿಲ್ಲ.
ಮೇಷ್ಟ್ರ ಕೆಂಪು ಶಾಯಿ ಅದೊಂದಕ್ಕೆ ಖಂಡಿತ:
ಇಲ್ಲ ಅನ್ನೋಕೆ ನೀನ್ಯಾರಮ್ಮ?
ಪತ್ತೆಯ ಮಿತಿಗಿಂತ ಕೆಳಗೆ, ಅನ್ನು.

ಸಂಜೆ, ಅಗ್ರಹಾರದಲ್ಲಿ ಅಳಸಿಂಗನ ಮನೆ.
ಅವನ ತಾಯಿ ಕಾಫಿ ಕೊಟ್ಟರು,
ಎಲ್ಲರ ಹಿತ್ತಾಳೆ ಲೋಟದಲ್ಲೇ, ಕೈಯಿಂದ ಕೈಗೆ.
ಊರು ಯಾವುದು ಎಂದರು. ಹೇಳಿದೆ.
ಊರಲ್ಲಿ ಎಲ್ಲಿ ಎಂದರು.
ಏರಿಯ ಕೆಳಗೆ, ಎಂದೆ.
ಹಾಗಾ, ಎನ್ನುತ್ತ ಖಾಲಿ ಲೋಟ ತೆಗೆದುಕೊಳ್ಳುವಾಗ
ಬೆರಳು ಒಂದು ಗಳಿಗೆ ತಡೆದ ಹಾಗಿತ್ತು.
ಇಲ್ಲ, ಅಂಚು ಅಂಟಾಗಿತ್ತೇನೋ,
ಸಕ್ಕರೆ ಜಾಸ್ತಿಯೇ ಹಾಕಿದ್ದರು.

ಬಸ್ಸಿನಲ್ಲಿ ಕೂತು ಬಹಳ ಹೊತ್ತು ಯೋಚಿಸಿದೆ
ಅದಕ್ಕೆ ಏನು ಬರೆಯಲಿ ಎಂದು.