ಮೊದಲು ರಸೀದಿ

ಎಲೆಮರೆಯ ಕಾಯಿ ಎನ್ನೋಣವೆಂದರೆ
ನಮ್ಮ ಆರ್ಕ್ನಿ ದ್ವೀಪಗಳಲ್ಲಿ ಮರಗಳೇ ಇಲ್ಲ,
ನೆಟ್ಟದ್ದನ್ನೆಲ್ಲ ಗಾಳಿ ಕಿತ್ತು ನಾರ್ವೆಗೆ ಕಳಿಸುತ್ತದೆ.
ಹಾಗಾಗಿ ಇಸ್ಬೆಲ್ ಫೋಲ್‌ಸ್ಟರಳನ್ನು
ಕಲ್ಲುಗೋಡೆ ಮರೆಯ ಕೋಸು ಎನ್ನುತ್ತೇನೆ.
ಬರೆದದ್ದು ಒಂಬತ್ತು ಪುಸ್ತಕ,
ಒಂಬತ್ತರ ಬೆನ್ನಿಗೂ ಅದೇ ಫೋಟೋ:
ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಹೆಂಗಸು, ಕಂಕುಳಲ್ಲಿ ಕೋಳಿ.
ಕೆಳಗೆ ಒಂದು ಸಾಲು:
‘ಲೇಖಕಿ ಕ್ಷೇಮ. ಕೋಳಿಯೂ ಕ್ಷೇಮ.’

ನಾನು ವೆಸ್ಟ್ರೇ ದೋಣಿಯಲ್ಲಿ ಟಿಕೆಟ್ ಹರಿಯುವವನು.
ಎರಡು ವಾರಕ್ಕೊಮ್ಮೆ ದಡಕ್ಕೆ ಬರುವ ಪುಸ್ತಕದ ವ್ಯಾನಿನಲ್ಲಿ
ತೋಟಗಾರಿಕೆಯ ಪುಸ್ತಕಗಳ ನಡುವೆ, ತಪ್ಪಿ ಸೇರಿಕೊಂಡಂತೆ,
ಸಿಕ್ಕವಳು ನೆಟ್ಟಿ ಕ್ವಿಲ್:
ರಾಜ್ಯದ ಕಂದಾಯ ಕಚೇರಿಯ ಕಿರಿಯ ಗುಮಾಸ್ತೆ.
ಖಡ್ಗವಿಲ್ಲ, ಹುಟ್ಟುಮಚ್ಚೆಯಿಲ್ಲ, ಯಾವ ಋಷಿಯೂ ಅವಳ ಬಗ್ಗೆ ಭವಿಷ್ಯ ನುಡಿದಿಲ್ಲ.
ಇರುವುದು ಒಂದು ಲೆಕ್ಕದ ಪುಸ್ತಕ, ಚಿಕ್ಕಮ್ಮನ ಕೊಡೆ.
ಕೆಲಸ: ಡ್ರ್ಯಾಗನ್‌ಗಳಿಂದ ಹಳೇ ಬಾಕಿ ವಸೂಲಿ.
ಮುನ್ನೂರ ಹನ್ನೊಂದು ವರ್ಷದ ಚಕ್ರಬಡ್ಡಿ ಕೇಳಿ
ಮೊದಲನೆಯದಕ್ಕೆ ಬೆಂಕಿಯ ಬದಲು ಬಿಕ್ಕಳಿಕೆ ಬಂತು.
ಜೊತೆಗೊಂದು ಮೇಕೆ. ಹಿಂದೆ ಅದು ಏಳನೇ ಓಸ್ರಿಕ್ ಮಹಾರಾಜ.
ಮೂರನೇ ಪುಸ್ತಕದಲ್ಲಿ ಮಾಟಗಾತಿ ಪಶ್ಚಾತ್ತಾಪಪಟ್ಟು
ಮದ್ದು ಹಿಡಿದು ಬೆಟ್ಟ ಹತ್ತಿ ಬಂದರೆ
‘ಅರಸನಾದ ಮೇಲೆ ಹುಲ್ಲು ಹೀಗೇ ರುಚಿಸುತ್ತದಾ?’ ಎಂದು ಕೇಳಿ
ಮೆಲ್ಲಗೆ ಆಚೆ ದಿಬ್ಬಕ್ಕೆ ಮೇಯಲು ಹೋಯಿತು.

‘ಹಗುರ’ ಎಂದು ಬರೆದಿತ್ತಂತೆ ದೊಡ್ಡ ಊರಿನ ಪತ್ರಿಕೆ,
ಅದೂ ಒಂದೇ ಸಲ, ಹವಾಮಾನದ ಪಕ್ಕ.
ದೋಣಿಯವನ ಹತ್ತಿರ ಅದು ಬೈಗುಳವೇ?

ಪುಸ್ತಕದ ಹಿಂದಿನ ಚೀಟಿಯಲ್ಲಿ ತಾರೀಖಿನ ಮುದ್ರೆಗಳು.
ನಾನು ಮರಳಿಸಿದ ದಿನವೇ ಇನ್ಯಾರೋ ಒಯ್ದಿದ್ದಾರೆ, ಪ್ರತಿ ಸಲ.
ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಗುರುತು,
ನಾನು ನಕ್ಕಲ್ಲೆಲ್ಲ.
ಒಮ್ಮೆ, ನಾನು ನಗದ ಕಡೆಯೂ ಇತ್ತು ಗುರುತು.
ಇದರಲ್ಲೇನಿದೆ ಎಂದು ಎರಡು ದಿನ ತಲೆ ಕೆರೆದು
ಮೂರನೇ ಬೆಳಿಗ್ಗೆ, ದನ ತುಂಬಿದ ಲಾರಿಯ ಮಗ್ಗುಲಲ್ಲಿ
ಹೊಳೆದುಬಿಟ್ಟಿತು. ಹೊಟ್ಟೆ ಹಿಡಿದುಕೊಂಡು ಕೂತೆ.
ದನಗಳು ನೋಡಿದವು, ಕ್ಯಾಪ್ಟನ್ನನೂ ನೋಡಿದ.

ಫೆಬ್ರವರಿ. ಸಮುದ್ರ ಎದ್ದು ನಿಂತಿತ್ತು.
ಜನರೆಲ್ಲ ಕಾಗದದ ಚೀಲಕ್ಕೆ ಮುಖವಿಟ್ಟಿದ್ದರು.
ಕಂಬಿ ಹಿಡಿದು, ಟಿಕೆಟ್ ಕೇಳುತ್ತಾ, ನನಗೆ ನಾನೇ ಗೊಣಗಿದೆ
ನೆಟ್ಟಿ ಸುಳಿಯಲ್ಲಿ ಸಿಕ್ಕಾಗ ಮೇಕೆ ಹೇಳಿದ್ದನ್ನು:
‘ಮುಳುಗುವುದು ಇದ್ದೇ ಇದೆ...’
‘...ಮೊದಲು ರಸೀದಿ ಕೊಡಿ,’ ಎಂದಿತು ಒಂದು ಚೀಲ.

ಚೀಲದಿಂದ ಮೇಲೆದ್ದ ಮುಖ ಡಾಕ್ಟರ್ ಥೋರಾ ಹೆಡಲ್‌ಳದು.
ದಂತವೈದ್ಯೆ. ಆಕೆ ನಕ್ಕದ್ದನ್ನು ಕಂಡವರಿಲ್ಲ,
ಮಕ್ಕಳು ಊಟ ಬಿಟ್ಟರೆ ತಾಯಂದಿರು ಆಕೆಯ ಹೆಸರು ಹೇಳುತ್ತಾರೆ.
ನನ್ನ ದವಡೆಗೇ ಮೊದಲು ಗುರುತು ಸಿಕ್ಕಿತು.
‘ಪೆನ್ಸಿಲ್?’ ಎಂದೆ.
‘ಚಹಾದ ಕಲೆ?’ ಎಂದಳು.

ಒಂಬತ್ತನೆಯದರ ಕೊನೇ ಪುಟದಲ್ಲಿ
ನೆಟ್ಟಿ ಶಿಖರದ ಬಾಗಿಲು ತಟ್ಟುತ್ತಾಳೆ,
ಒಳಗಿಂದ ಯಾರೋ ‘ಯಾರದು?’ ಅನ್ನುತ್ತಾರೆ,
ಅಷ್ಟೇ. ಪ್ರಕಾಶಕರು ಅಂಗಡಿ ಮುಚ್ಚಿದರು.
ಒಳಗಿರುವವನು ಕಂದಾಯ ಮಂತ್ರಿ, ತೆರಿಗೆಗಳ್ಳ, ಎಂದಳು ಆಕೆ.
ಇಲ್ಲ, ಮಾಟಗಾತಿಯ ತಂಗಿ, ಎಂದೆ ನಾನು.
ಅಲೆಯೊಂದು ಬಂತು. ಆಕೆ ಚೀಲಕ್ಕೆ ಬಗ್ಗಿ, ಎದ್ದು, ಬಾಯೊರೆಸಿಕೊಂಡು
‘ಛೆ, ಕಣ್ಣೆದುರೇ ಇತ್ತಲ್ಲ,’ ಎಂದಳು, ‘ಕೋಳಿ!’
ಕರ್ಕ್‌ವಾಲ್ ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ.

ಏಪ್ರಿಲ್‌ನಲ್ಲಿ ನನ್ನ ಇನ್ನೊಂದು ಹಲ್ಲು ಕಿತ್ತಳು.
ಮುಖ ಅದೇ ಬಂಡೆ, ಮಾತಿಲ್ಲ ಕತೆಯಿಲ್ಲ.
ಹೊರಗೆ ಬಂದು ರಸೀದಿ ಬಿಡಿಸಿ ನೋಡಿದರೆ
‘ಮೊದಲ ಕಂತು ಸಂದಿದೆ’,
ಪಕ್ಕದಲ್ಲಿ ಪೆನ್ಸಿಲಿನ ಗೊರಸು.
ಬೀದಿಯಲ್ಲಿ ನಿಂತು ಅರ್ಧ ಮುಖದಲ್ಲಿ ನಕ್ಕೆ.
ಇನ್ನರ್ಧ, ಸಂಜೆ ದೋಣಿಯಲ್ಲಿ,
ಜೋಮು ಬಿಟ್ಟ ಮೇಲೆ.