ಪ್ರಯಾಣದ ಉದ್ದೇಶ

ಚೇಳೂರು ರಸ್ತೆಯ ಶೆಡ್ಡಿನಲ್ಲಿ ಈಗ ನಾಲ್ಕು ಜೀಪು.
ಓಡುವುದು ಒಂದೂವರೆ.
ಆ ಅರ್ಧ, ಇಳಿಜಾರಿದ್ದರೆ ಓಡುತ್ತದೆ.
ಹಗಲು ಬ್ಯಾಟರಿ ಅಂಗಡಿ, ಕತ್ತಲಾದ ಮೇಲೆ ಇದು.

ಗೋಡೆಯ ತುಂಬ ಹಿತ್ತಾಳೆಯ ಚಾಸಿ ಫಲಕಗಳು,
ಯಾರ ಯಾರದೋ ಮಣಿಕಟ್ಟು ಮುರಿದ ಹ್ಯಾಂಡಲು ಮೂರು,
ಎಂ.ವೈ. ಎಂದು ಶುರುವಾಗುವ ನಂಬರು ಪ್ಲೇಟು,
ಯಾವುದೋ ಯುದ್ಧಕ್ಕೆ ಪೆಟ್ರೋಲು ಹೊತ್ತು
ಆಮೇಲೆ ಕೈವಾರದ ಹೋಟೆಲಿಗೆ ನೀರು ಹೊತ್ತ ಡಬ್ಬ.
"ಬೇರೆಯವರು ದೇವರ ಪಟ ಹಾಕ್ತಾರಪ್ಪ" ಅನ್ನುತ್ತಾಳೆ ಅಲಮೇಲು.
ಅನ್ನುತ್ತಲೇ ಫಲಕಗಳಿಗೆ ಹುಣಿಸೆಹಣ್ಣು ಹಚ್ಚಿ ಬೆಳಗುತ್ತಾಳೆ.

ನಾಲ್ಕನೆಯದು ಮೊನ್ನೆ ಬಂದದ್ದು.
ಮುರುಗಮಲ್ಲದ ಹತ್ತಿರ ಒಂದು ತೋಪಿನಲ್ಲಿ
ಹದಿನೆಂಟು ವರ್ಷ ಕೋಳಿಗೂಡಾಗಿತ್ತು.
ಎಡಗಡೆ ಸ್ಟಿಯರಿಂಗು.
ಡ್ರೈವರ್ ಸೀಟಿನಲ್ಲಿ ಕಾವಿಗೆ ಕೂತ ಹೇಟೆ
ದುಡ್ಡು ಎಣಿಸಿಕೊಟ್ಟರೂ ಇಳಿಯಲಿಲ್ಲ.
ಮರಿಯಾಗಲಿ, ಆಮೇಲೆ ಎಳಕೊಂಡು ಹೋಗಿ, ಅಂದರು.
ಕಾದೆ. ಇಪ್ಪತ್ತೊಂದು ದಿನ.

ಖಲಂದರ್ ಸಾಬರು ಉಜ್ಜುಕಾಗದ ಹಿಡಿದರೆ ಅವಸರವಿಲ್ಲ.
"ಬಣ್ಣ ಕೀಳೋದಲ್ಲ ಸ್ವಾಮಿ, ಕೇಳೋದು."
ಮೊದಲು ಮದುವೆ ಬಾಡಿಗೆಯ ಬಿಳಿ.
ಅದರಡಿ ಕಲ್ಲುಕ್ವಾರಿಯ ಹಳದಿ.
ಹಳದಿಯಡಿ, ಪಕ್ಕದ ತಗಡಿನಲ್ಲಿ,
ಒಂದು ಮೂಲೆ ಕಂಡಿತು. ಇನ್ನೊಂದು.
ತಲೆಕೆಳಗಾದ ಕೆಂಪು ತ್ರಿಕೋನ.

ಸಾಬರ ಕೈ ನಿಂತಿತು.
ನಮ್ಮ ವಯಸ್ಸಿನವರಿಗೆ ಅದನ್ನು ಯಾರೂ
ಓದಿ ಹೇಳಬೇಕಿಲ್ಲ.

ಸೀಟಿನಡಿಯ ಪೆಟ್ಟಿಗೆಯಲ್ಲಿ, ಪುಕ್ಕ ಹಿಕ್ಕೆಯ ಕೆಳಗೆ,
ರೆಕ್ಸಿನ್ ಸುತ್ತಿದ ಲಾಗ್‌ಬುಕ್ಕು.
ಇಂಥದ್ದೊಂದಕ್ಕೆ ನನ್ನಂಥ ಹುಚ್ಚರು ಎಂಜಿನ್ನನ್ನೇ ಬಿಚ್ಚಿ ಕೊಟ್ಟಾರು.
ಡ್ರೈವರ್ ವೆಂಕಟರವಣಪ್ಪನ ಅಕ್ಷರ, ಇಟ್ಟಿಗೆ ಪೇರಿಸಿದ ಹಾಗೆ.
ತಾರೀಕು. ಹೊರಟ ಜಾಗ. ತಲುಪಿದ ಜಾಗ. ಪ್ರಯಾಣದ ಉದ್ದೇಶ.
ಜ್ವರದ ಸರ್ವೆ. ಕ್ಷಯದ ಮಾತ್ರೆ.
ಸಾಹೇಬರ ಮನೆಗೆ ಸೌದೆ, ಅದನ್ನು ಹೊಡೆದು
ಮೇಲೆ "ಔಷಧಿ" ಎಂದು ತಿದ್ದಿದೆ.
ಎಪ್ಪತ್ತಾರು, ನವೆಂಬರು, ಒಂದು ಸೋಮವಾರ:
ಬಟ್ಲಹಳ್ಳಿ ದಾಟಿ ನಮ್ಮೂರು.
ಉದ್ದೇಶ, ಕ್ಯಾಂಪು.
ಕರೆತಂದವರು, ಒಂಬತ್ತು.

ಹೆಸರಿಲ್ಲ. ಒಂಬತ್ತು.

ನಮ್ಮಪ್ಪ, ನೀರಗಂಟಿ ಪಿಳ್ಳಪ್ಪ, ಸಾಯುವ ತನಕ
ಜೀಪಿನ ಸದ್ದಾದರೆ ತೂಬಿನ ಹಿಂದೆ ಸರಿದು ನಿಲ್ಲುತ್ತಿದ್ದ.
ನಾನು ರಸ್ತೆಗೆ ಓಡುತ್ತಿದ್ದೆ.
ಆ ಸೋಮವಾರ ನನಗೆ ನಾಲ್ಕು ವರ್ಷ.
ಅದರ ಬೆನ್ನ ಹಿಂದೆಯೇ ಓಡಿದೆನಂತೆ, ಚಡ್ಡಿ ಜಾರುತ್ತ,
ಧೂಳು ನುಂಗುತ್ತ,
ನಮ್ಮಪ್ಪ ಜೀಪಲ್ಲಿ ಹೋದ, ನಮ್ಮಪ್ಪ ಜೀಪಲ್ಲಿ ಹೋದ,
ಅಂತ ಊರಿಗೆಲ್ಲ ಸಾರುತ್ತ.

ಮೂರನೇ ದಿನ ನಡೆದು ಬಂದ, ಕೈಯಲ್ಲಿ ಒಂದು ಬಕೆಟ್ಟು.
ಅಮ್ಮ ನನಗೆ ಗಿಡ್ಡವಾದ ಅಂಗಿಗಳನ್ನು
ಇನ್ನೆರಡು ವರ್ಷ ಮಡಿಸಿ ಮಡಿಸಿ ಇಟ್ಟಳು.
ಆಮೇಲೆ ಬೊಂತೆಗೆ ಹೊಲಿದಳು.
ಬಕೆಟ್ಟು ಎಲ್ಲಿ ಹೋಯಿತೋ.
ನಂಬರು ಪ್ಲೇಟಿಗಾಗಿ ಮೂರು ಜಿಲ್ಲೆಯ ಗುಜರಿ ಜಾಲಾಡಿದವನು
ಅದನ್ನು ಒಮ್ಮೆಯೂ ಹುಡುಕಲಿಲ್ಲ.

"ಉಜ್ಜಲೋ, ಬಿಡಲೋ?" ಸಾಬರು ಕೇಳಿದರು.
ಇವತ್ತಿಗೆ ಸಾಕು ಅಂದೆ. ಟೀ ತರಿಸಿದೆ.
ಬಂಪರಿನ ಮೇಲೆ ಇಬ್ಬರೂ ಕೂತೆವು.
ಲೋಟ ಅರ್ಧವಾದ ಮೇಲೆ, ನನ್ನ ಕಡೆ ನೋಡದೆ, ಅವರೆಂದರು:
"ನಮ್ಮಣ್ಣಂಗೆ ಟ್ರಾನ್ಸಿಸ್ಟರ್ ಕೊಟ್ಟಿದ್ರು.
ಇನ್ನೂ ಐತೆ. ಸೆಲ್ಲು ಹಾಕಿದ್ರೆ ಗರಗರ ಅಂತೈತೆ.
ತಂದ್ರೆ, ಇಡ್ತೀರಾ?"

ಗೋಡೆ ನೋಡಿದೆ.
ಹ್ಯಾಂಡಲುಗಳ ಪಕ್ಕ
ಒಂದು ಮೊಳೆ ಖಾಲಿ ಇತ್ತು.